ಕೌಸಲ್ಯಾಳ ಗಿಡಗಳಿಗೆ ಚುಕ್ಕಿ ಬೀಳಲಿಲ್ಲ

ಶೇವಂತಾಬಾಯಿ ಯಾರನ್ನೂ ನಂಬುತ್ತಿರಲಿಲ್ಲ. ಇದು ಜನ ಆಕೆಯ ಬೆನ್ನ ಹಿಂದೆ ಆಡಿದ ಮಾತಲ್ಲ, ಆಕೆಯೇ ಎದೆ ತಟ್ಟಿ ಹೇಳಿಕೊಳ್ಳುತ್ತಿದ್ದ ಮಾತು. ಔರಾದ ಸಂತೆಯಲ್ಲಿ ಗಡಿಗೆ ಕೊಂಡರೆ ಅದಕ್ಕೆ ನೀರು ತುಂಬಿಸಿ, ಕುಂಬಾರನ ಎದುರಿಗೇ ಕೂತು, ಸೋರುವುದಿಲ್ಲ ಎಂದು ಖಾತ್ರಿಯಾದ ಮೇಲೇ ಎದ್ದು ಬರುವಳು. ಗಂಡ ಕಾಶೀರಾಮ ಯಾವತ್ತಾದರೂ ಸಾರು ಚೆನ್ನಾಗಿದೆ ಎಂದನೋ, ಅವನು ಏನು ತಪ್ಪು ಮಾಡಿ ಬಂದಿರಬಹುದು ಎಂದು ದಿನವಿಡೀ ಹುಡುಕುವಳು. ಪಾಪದ ಮನುಷ್ಯ, ಮದುವೆಯಾದ ಹೊಸದರಲ್ಲೇ ಹೊಗಳುವುದನ್ನು ಬಿಟ್ಟುಬಿಟ್ಟ. ಮೋಡ ಕಟ್ಟಿದರೂ ಆಕೆ ಅಂಗಳದಲ್ಲಿ ಒಣಹಾಕಿದ ಸಗಣಿ ಕುಳ್ಳು ಒಳಗೆ ತರುತ್ತಿರಲಿಲ್ಲ. ಮೋಡವೂ ಸುಳ್ಳು ಹೇಳುತ್ತದೆ ಎಂಬುದು ಆಕೆಯ ಎಣಿಕೆ. ಎಪ್ಪತ್ತೆರಡರ ದುಷ್ಕಾಳದಲ್ಲಿ ಈ ಎಣಿಕೆ ನಿಜವಾಗಿಬಿಟ್ಟಿತು, ಅದೇ ಕೆಟ್ಟದ್ದಾಯಿತು. ಸಂಶಯದವರಿಗೆ ಒಮ್ಮೆ ತಮ್ಮ ಸಂಶಯ ನಿಜವಾದರೆ ಸಾಕು, ಮುಂದೆ ಅವರನ್ನು ಹಿಡಿಯುವವರಿಲ್ಲ.

ಆಕೆಯ ಊರು ಚಿಂತಾಕಿಯ ಆಚೆ, ಗುಡ್ಡದ ಬುಡದಲ್ಲಿದ್ದ ಒಂದು ಸಣ್ಣ ವಾಡಿ. ಹೊಲ ಇದ್ದವರು ಹೊಲ ನಂಬಿದ್ದರು, ಇಲ್ಲದವರು ಗುಡ್ಡ ನಂಬಿದ್ದರು. ಗುಡ್ಡದ ತುಂಬ ಮುತ್ತಲ ಗಿಡ. ಬೇಸಿಗೆಯಲ್ಲಿ ಹೂವು ಮುಗಿದು ಹೊಸ ಎಲೆ ಬಲಿತರೆ ಕಾಶೀರಾಮನ ಮನೆಯವರಿಗೆ ಕೆಲಸ ಶುರು. ಎಲೆ ಕೀಳುವುದು, ಒಣಗಿಸುವುದು, ಕಲ್ಲಿನಡಿ ಒತ್ತಿಡುವುದು, ಆಮೇಲೆ ಬಿದಿರಿನ ಸಣ್ಣ ಕಡ್ಡಿಯಿಂದ ಚುಚ್ಚಿ ಚುಚ್ಚಿ ಊಟದ ಪತ್ರೋಳಿ ಹೆಣೆಯುವುದು. ಪತ್ರೋಳಿಯ ಕಟ್ಟುಗಳು ಭಾಲ್ಕಿಯ ಹಾವಗೆಪ್ಪನಿಗೆ ಹೋಗುತ್ತಿದ್ದವು. ಹಾವಗೆಪ್ಪ ಮದುವೆ, ಜಾವಳ, ತೊಟ್ಟಿಲು ಎಂದು ಊರೂರಿನ ಊಟದ ಗುತ್ತಿಗೆ ಹಿಡಿಯುವವ. ಶೇವಂತಾಬಾಯಿಯನ್ನು ಕಟ್ಟೆಯ ಕೆಳಗೇ ನಿಲ್ಲಿಸಿ ಮಾತಾಡಿಸುತ್ತಿದ್ದ. ಆದರೆ ಆಕೆಯ ಕೈ ಹೆಣೆದ ಪತ್ರೋಳಿಯಲ್ಲಿ ಬಡಿಸಿದರೆ ಯಾರ ಊಟವೂ ಕೆಡುತ್ತಿರಲಿಲ್ಲ. ಒಣ ಎಲೆಗೆ ಮೈಲಿಗೆ ಇಲ್ಲವಂತೆ. ಈ ‘ಅಂತೆ’ಯನ್ನೂ ಆಕೆ ಮನಸ್ಸಿನಲ್ಲಿ ಗಂಟು ಹಾಕಿ ಇಟ್ಟುಕೊಂಡಿದ್ದಳು.

ಗುಡ್ಡದ ಗಿಡಗಳಿಗೆ ಸರ್ಕಾರದ ಲೆಕ್ಕದಲ್ಲಿ ಒಡೆಯ ಜಂಗಲಾತಿನವರು, ಅಂದರೆ ಅರಣ್ಯ ಇಲಾಖೆಯವರು. ವಾಡಿಯ ಲೆಕ್ಕ ಬೇರೆ. ಯಾವ ಗಿಡದ ಕೊಂಬೆಗೆ ಯಾವ ಹೆಂಗಸಿನ ಹಳೇ ಸೀರೆಯ ಅಂಚು ಕಟ್ಟಿದೆಯೋ ಆ ಗಿಡದ ಎಲೆ ಆಕೆಯದು. ಅತ್ತೆ ಸುಭದ್ರಾಬಾಯಿ ಸಾಯುವ ಮೊದಲು ಪಾಲು ಮಾಡಿ, ಹಳ್ಳದ ಈಚಿನ ಗಿಡಗಳನ್ನು ಹಿರಿಸೊಸೆ ಶೇವಂತಾಬಾಯಿಗೂ ಆಚಿನವನ್ನು ಕಿರಿಸೊಸೆ ಕೌಸಲ್ಯಾಬಾಯಿಗೂ ಕೊಟ್ಟಳು. ಪಾಲಿನ ಜೊತೆ ಮನೆತನದ ಕಟ್ಟಳೆಯನ್ನೂ ಹೇಳಿ ಹೋದಳು. ಗಿಡದ್ದು ಗಿಡಕ್ಕೆ ಸೇರಬೇಕು. ಉದುರಿದ ಎಲೆಯನ್ನು ಮುಟ್ಟಬಾರದು. ಕಿತ್ತು ತಂದ ಎಲೆಯಲ್ಲಿ ತೂತು, ಚುಕ್ಕಿ, ಹರಕು ಇದ್ದದ್ದನ್ನು ಆರಿಸಿ ಬುಟ್ಟಿಗೆ ತುಂಬಿ, ಮತ್ತೆ ಗಿಡದ ಬುಡಕ್ಕೇ ಸುರಿದು, ಕೈ ಮುಗಿದು ಬರಬೇಕು. ದೇವರನ್ನೂ ಅರ್ಧಂಬರ್ಧ ನಂಬುತ್ತಿದ್ದ ಶೇವಂತಾಬಾಯಿ ಈ ಒಂದು ಕಟ್ಟಳೆಯನ್ನು ಮಾತ್ರ ಪೂರ್ತಿ ನಂಬಿದ್ದಳು. ಒಂದು ಕೆಟ್ಟ ಎಲೆಯನ್ನೂ ಬೀದಿಗೆ ಎಸೆಯದೆ, ತಲೆಯ ಮೇಲೆ ಬುಟ್ಟಿ ಹೊತ್ತು ಗುಡ್ಡ ಹತ್ತಿ, ಗಿಡಗಳಿಗೆ ಒಪ್ಪಿಸಿ ಬರುವಳು.

ಕೌಸಲ್ಯಾ ಭಾತಂಬ್ರಾದ ಮಗಳು. ಆಕೆಯ ತವರಿನಲ್ಲಿ ಸುತ್ತಮುತ್ತ ಬರೀ ಹೊಲ, ಒಲೆಗೆ ಕಟ್ಟಿಗೆ ಸಿಗುವುದೇ ಕಷ್ಟ. ಉದುರಿದ ಎಲೆ ಎಂದರೆ ಅವ್ವ ಅಕ್ಕಂದಿರಿಗೆಲ್ಲ ರೊಟ್ಟಿ ಬೇಯಿಸುವ ಉರುವಲು. ಹಾಗಾಗಿ ಅತ್ತೆ ತೀರಿಕೊಂಡದ್ದೇ ಆಕೆ ತನ್ನ ಪಾಲಿನ ಗಿಡಗಳ ಬುಡವನ್ನೆಲ್ಲ ಗುಡಿಸತೊಡಗಿದಳು. ಉದುರಿದ್ದು, ಆರಿಸಿ ತೆಗೆದದ್ದು, ಎಲ್ಲವೂ ಒಲೆಗೆ. ಹೆಚ್ಚಾದ ಬೂದಿಯನ್ನು ತಂದು ಗಿಡದ ಬುಡಕ್ಕೆ ಚೆಲ್ಲುವಳು. ಶೇವಂತಾಬಾಯಿಗೆ ಇದು ಕಣ್ಣಲ್ಲಿ ಕಸ ಬಿದ್ದಂತಾಯಿತು.

“ಗಿಡದ ಬಾಯಾಗಿನ ತುತ್ತು ಕಸ್ಕೊಂಡು ಒಲಿಗಿ ಹಾಕ್ತಿಯಲ್ಲ, ಹೆದರಿಕಿ ಇಲ್ಲೇನ್ ನಿನಗ?” ಎಂದು ಒಮ್ಮೆ ಕೇಳಿಯೇಬಿಟ್ಟಳು.

“ಉದುರಿದ ಮ್ಯಾಲ ಗಿಡಕ್ಕ ಅದರ ನೆಪ್ಪು ಎಲ್ಲಿರ್ತದ ಬಿಡ್ರಿ ಅಕ್ಕಾ,” ಎಂದು ಕೌಸಲ್ಯಾ ನಕ್ಕಳು.

ಆ ನಗುವನ್ನು ಶೇವಂತಾಬಾಯಿ ವರ್ಷಗಟ್ಟಲೆ ತಿರುಗಿಸಿ ಮುರುಗಿಸಿ ನೋಡಿದಳು. ಮೈದುನನ ಹೆಂಡತಿ, ನೆಗೆಣ್ಣಿ, ನಕ್ಕಳೆಂದರೆ ಸುಮ್ಮನೆ ನಕ್ಕಿರಲಿಕ್ಕಿಲ್ಲ. ಆಕೆಯ ನಗುವಿನ ಹಿಂದೆ ಏನಿದೆ ಎಂದು ಕಾಶೀರಾಮನನ್ನು ಕೇಳಿದರೆ ಅವನು, “ಹಲ್ಲು ಅವ,” ಎಂದ. ಗಂಡಸರಿಗೆ ಇಂಥವೆಲ್ಲ ತಿಳಿಯುವುದಿಲ್ಲ ಎಂದು ಆಕೆ ಸುಮ್ಮನಾದಳು.

ಎಪ್ಪತ್ತೆರಡರಲ್ಲಿ ಮೃಗದ ಮಳೆ, ಜೂನಿನ ಮೊದಲ ಮಳೆ, ಒಂದು ಸಲ ಧೋ ಎಂದು ಸುರಿದು ಹೋಯಿತು. ಆಮೇಲೆ ಬರೀ ಮಬ್ಬು. ದಿನಗಟ್ಟಲೆ ಮೋಡ ಮುಚ್ಚಿಕೊಂಡು, ಎಲೆ ತೋಯುವಷ್ಟು ಜಿಟಿಜಿಟಿ ಹನಿ ಉದುರಿಸಿ, ನೆಲ ತೋಯಿಸದೆ ಹೋಗಿಬಿಡುತ್ತಿತ್ತು. ಬಿತ್ತಿದ ಬೀಜ ಮಣ್ಣಲ್ಲೇ ಸುಟ್ಟುಹೋಯಿತು. ಬಾವಿ ತಳ ಕಂಡಿತು. ಸರ್ಕಾರ ಹಂಚಿದ ಕೆಂಪು ಜೋಳದ ರೊಟ್ಟಿ ತಟ್ಟಿದರೆ ಹರಿಯುವುದು, ಬೇಯಿಸಿದರೆ ಕಲ್ಲಾಗುವುದು. ವಾಡಿಯ ಜನ ಗಂಟುಮೂಟೆ ಕಟ್ಟಿ ಹೈದರಾಬಾದು, ಪುಣೆ, ಮುಂಬಯಿ ಎಂದು ಹೊರಟರು. ಬಾಗಿಲಿಗೆ ಕೀಲಿ ಹಾಕಲು ಒಳಗೆ ಏನೂ ಇಲ್ಲದವರು ಬರೀ ಚಿಲಕ ಹಾಕಿ ಹೋದರು.

ಕಾಶೀರಾಮನ ತಮ್ಮ ಪಂಢರಿ, ಹೆಂಡತಿ ಕೌಸಲ್ಯಾಳನ್ನು ಕರೆದುಕೊಂಡು ಹೈದರಾಬಾದಿಗೆ ಇಟ್ಟಂಗಿ ಹೊರಲು ಹೊರಟ. ಹೊರಡುವ ದಿನ ಕೌಸಲ್ಯಾ ನೆಗೆಣ್ಣಿಯ ಬಾಗಿಲಿಗೆ ಬಂದು ನಿಂತಳು.

“ಅಕ್ಕಾ, ನನ್ನ ಗಿಡದ ಎಲಿ ನೀವೇ ಹರ್ಕೋರಿ. ಇಲ್ಲದ ವರ್ಷ, ನಿಮಗರೆ ಆಗಲಿ. ಆದ್ರ ಜರಾ ಬುಡ ಗುಡಿಸ್ರಿ.”

ಯಾರಿಗಾದರೂ ಕಣ್ಣಲ್ಲಿ ನೀರು ಬರುವ ಮಾತು. ಶೇವಂತಾಬಾಯಿಗೆ ಬಂದದ್ದು ಸಂಶಯ. ಇಂಥ ಕಾಲದಲ್ಲಿ ಯಾರಾದರೂ ಪುಕ್ಕಟೆ ಕೊಡುತ್ತಾರೆಯೇ? ಕೊಟ್ಟರೂ ಬುಡ ಗುಡಿಸು ಎನ್ನುತ್ತಾರೆಯೇ? ಆ ಬುಡದಲ್ಲಿ ಏನಿದೆ? ಹಿಂದಿನ ಸಂಜೆಯಷ್ಟೇ ಕೌಸಲ್ಯಾ ಒಬ್ಬಳೇ ಗಿಡದಿಂದ ಗಿಡಕ್ಕೆ ಹೋಗುತ್ತ, ಬಾಯಲ್ಲಿ ಏನೋ ಗುನುಗುತ್ತ ಬೂದಿ ಚೆಲ್ಲುವುದನ್ನು ಆಕೆ ಹಳ್ಳದ ಈಚೆಯಿಂದ ನೋಡಿದ್ದಳು. ಕೌಸಲ್ಯಾ ಹಾಡು ಗುನುಗದೆ ಯಾವ ಕೆಲಸವನ್ನೂ ಮಾಡುತ್ತಿರಲಿಲ್ಲ, ಅದು ವಾಡಿಗೆಲ್ಲ ಗೊತ್ತು. ಆದರೆ ಅವತ್ತು ಶೇವಂತಾಬಾಯಿಯ ಕಿವಿಗೆ ಅದು ಹಾಡಿನಂತೆ ಕೇಳಿಸಲಿಲ್ಲ.

“ಹೋಗಿ ಬಾ. ನೋಡ್ತೇನಿ,” ಎಂದಷ್ಟೇ ಹೇಳಿ ಕಳಿಸಿದಳು.

ನೋಡಿದ್ದೂ ನಿಜ, ಬರೀ ನೋಡಿದಳು. ಆಚೆಯ ಗಿಡದ ಒಂದು ಎಲೆಯನ್ನೂ ಮುಟ್ಟಲಿಲ್ಲ. ಕಾಶೀರಾಮ ತಲೆ ಚಚ್ಚಿಕೊಂಡ. ಊರೆಲ್ಲ ಹೊಟ್ಟೆಗಿಲ್ಲದೆ ಸಾಯುವಾಗ ಬಂದದ್ದನ್ನು ಬಿಡುವುದೇನು ಎಂದ. ನಾವೂ ಎಲ್ಲರಂತೆ ಹೈದರಾಬಾದಿಗೆ ಹೋಗೋಣ ಎಂದ. “ಅಲ್ಲಿ ಇಟ್ಟಂಗಿ ಭೀ ತಲಿ ಮ್ಯಾಲ ಬೀಳ್ತಾವ. ನಮ್ಮ ಗಿಡ ಇದ್ದಷ್ಟು ದಿನ ನಾ ಎಲ್ಲಿಗೂ ಬರಂಗಿಲ್ಲ,” ಎಂದು ಆಕೆ ಹಟ ಹಿಡಿದಳು.

ಭಾದ್ರಪದದಲ್ಲಿ ಆಕೆಯ ಆ ಗಿಡಗಳೇ ಕೈ ಕೊಟ್ಟವು. ಮೊದಲು ಎಲೆಯ ಮೇಲೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕಿ. ಆಮೇಲೆ ಚುಕ್ಕಿಯ ಸುತ್ತ ಹಳದಿ ಬಳೆ. ಚುಕ್ಕಿಗೆ ಚುಕ್ಕಿ ಕೂಡಿ ಎಲೆಯ ಅರ್ಧ ಭಾಗ ಸುಟ್ಟಂತಾಗಿ, ತೊಟ್ಟು ಕಳಚಿ ಬೀಳತೊಡಗಿತು. ಮಾಘದಲ್ಲಿ ಬೋಳಾಗಬೇಕಾದ ಗಿಡಗಳು ದಸರೆಗೇ ಬೋಳಾದವು. ಶೇವಂತಾಬಾಯಿ ಉಳಿದಷ್ಟು ಎಲೆ ಕಿತ್ತು ತಂದು, ಚುಕ್ಕಿಯದನ್ನು ಆರಿಸಿ, ಬುಟ್ಟಿ ಬುಟ್ಟಿ ತುಂಬಿ ಮತ್ತೆ ಬುಡಕ್ಕೆ ಸುರಿದು ಕೈ ಮುಗಿದಳು. ಆ ವರ್ಷ ಕಟ್ಟಳೆಯನ್ನು ಇನ್ನಷ್ಟು ಭಕ್ತಿಯಿಂದ ನಡೆಸಿದಳು. ಗಿಡ ಮುನಿದಿದೆ, ಅದರ ಪಾಲು ಅದಕ್ಕೆ ಪೂರ್ತಿ ಮುಟ್ಟಲಿ ಎಂದು.

ಹಳ್ಳದ ಆಚೆ ಕೌಸಲ್ಯಾಳ ಗಿಡಗಳು ನೀರಿಲ್ಲದೆ ಸೊರಗಿದ್ದವು, ಧೂಳು ಮೆತ್ತಿಕೊಂಡಿದ್ದವು. ಆದರೆ ಎಲೆ ಹೊತ್ತು ನಿಂತಿದ್ದವು. ಚುಕ್ಕಿ ಎಂಬುದು ಹುಡುಕಿದರೂ ಇಲ್ಲ. ಒಂದೇ ಗುಡ್ಡ, ಒಂದೇ ಬಿಸಿಲು, ನಡುವೆ ಒಂದು ಒಣಹಳ್ಳ. ಶೇವಂತಾಬಾಯಿ ಹಳ್ಳದ ದಂಡೆಯ ಮೇಲೆ ಕೂತು ಆಚೆ ಈಚೆ ನೋಡುತ್ತಿದ್ದಳು.

ಇದ್ದಬದ್ದ ಪತ್ರೋಳಿ ಹೊತ್ತು ಭಾಲ್ಕಿಗೆ ಹೋದರೆ ಹಾವಗೆಪ್ಪ ಕಟ್ಟು ಬಿಚ್ಚಿ ನೋಡಿ ಮುಖ ಸಿಂಡರಿಸಿದ.

“ಶೇವಂತಾಬಾಯಿ, ಇದರಾಗ ಹ್ಯಾಂಗ ಬಡಸ್ಲಿ? ಮಂದಿ ಪಲ್ಯದ ಬದಲಿ ಚುಕ್ಕಿ ನೋಡ್ತಾರ.”

“ಬರಗಾಲದಾಗ ಎಲ್ಲಾ ಕಡಿ ಹಿಂಗೇ ಅದರಿ ಧಣಿ.”

“ಎಲ್ಲಾ ಕಡಿ ಇಲ್ಲ. ನಿನ್ನ ನೆಗೆಣ್ಣಿ ಹೋದ ಸಲ ಕೊಟ್ಟ ಕಟ್ಟು ಇನ್ನೂ ನನ್ನ ಬಲ್ಲಿ ಅದ. ಕನ್ನಡಿ ಹಂಗ ಅದ ನೋಡು.”

ಕಟ್ಟನ್ನು ವಾಪಸು ಹೊತ್ತುಕೊಂಡು ಬರುವಾಗ ಆಕೆಗೆ ದಾರಿ ಕಾಣಲಿಲ್ಲ. ಚುಕ್ಕಿ ಬಿದ್ದದ್ದಕ್ಕಿಂತ ನೆಗೆಣ್ಣಿಯ ಹೆಸರು ಕೇಳಿದ್ದು ಹೆಚ್ಚು ಉರಿಯಿತು.

ಅದೇ ವಾರ ಜಂಗಲಾತಿನ ಗಾರ್ಡ್ ಮಚ್ಛೇಂದ್ರ ಗುಡ್ಡದ ಕಡೆ ಬಂದ. ಔರಾದದವ, ಇವರ ಪೈಕಿಯವನೇ, ನಾಲ್ಕಕ್ಷರ ಕಲಿತು ಖಾಕಿ ಹಾಕಿಕೊಂಡವ. ಎಲೆ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, “ಇದು ರೋಗ ಅದರಿ ಚಿಗವ್ವ. ಬುಡದಾಗ ಬಿದ್ದ ಎಲಿಯಾಗೇ ಇರ್ತದ, ಹನಿ ಬಿದ್ದಾಗ ಸಿಡಿದು ಮ್ಯಾಲ ಹತ್ತತದ. ನೀರಿಲ್ಲದ ಗಿಡಕ್ಕ ತಡ್ಕೊಳ್ಳೋ ಶಕ್ತಿ ಇಲ್ಲ. ಬಿದ್ದದ್ದೆಲ್ಲಾ ಗುಡಿಸಿ ಸುಡ್ರಿ,” ಎಂದ.

ಶೇವಂತಾಬಾಯಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಇವನೂ ಗುಡಿಸು ಎನ್ನುತ್ತಾನೆ! ಕೌಸಲ್ಯಾ ಹೇಳಿಹೋದ ಮಾತೇ ಇವನ ಬಾಯಲ್ಲಿ ಹೇಗೆ ಬಂತು? ಹೈದರಾಬಾದಿಗೆ ಹೋಗುವ ಬಸ್ಸು ಔರಾದದ ಮೇಲೇ ಹಾಯುತ್ತದೆ, ಇಬ್ಬರೂ ಮಾತಾಡಿಕೊಂಡಿರಬಹುದು. ತಾನು ಬುಡ ಗುಡಿಸಿ ಕೊಟ್ಟರೆ ಗಿಡ ಪೂರ್ತಿ ಒಣಗುತ್ತದೆ, ಒಣಗಿದ ಗಿಡವನ್ನು ಜಂಗಲಾತಿನವರು ಕಡಿದು ಮಾರುತ್ತಾರೆ. ಆಕೆಗೆ ಎಲ್ಲವೂ ಬೆಳಕಿನಷ್ಟು ಸ್ಪಷ್ಟವಾಯಿತು, ಒಂದೂ ನಿಜವಾಗಿರಲಿಲ್ಲ.

“ನೀ ನಿನ್ನ ನೌಕರಿ ನೋಡ್ಕೋ ಹೋಗಪ್ಪ,” ಎಂದಳು. ಮಚ್ಛೇಂದ್ರ ಟೋಪಿ ತೆಗೆದು ತಲೆ ಕೆರೆದುಕೊಂಡು ಹೋದ.

ಆಮೇಲೆ ಬಾವಿಯ ಕಟ್ಟೆ. ತಳದಲ್ಲಿ ಒಸರುವ ನೀರಿಗಾಗಿ ಕೊಡ ಇಟ್ಟು ಕಾಯುತ್ತ, ಊರಲ್ಲಿ ಉಳಿದ ಹೆಂಗಸರೆಲ್ಲ ಅಲ್ಲಿ ಕೂರುತ್ತಿದ್ದರು. ವಿಮಲಾಬಾಯಿ ಎಂಬಾಕೆ ಇದ್ದಳು, ಕೇಳಿದ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡರೆ ಅಜೀರ್ಣವಾಗುವವಳು. ಶೇವಂತಾಬಾಯಿ ನೇರ ಏನನ್ನೂ ಹೇಳಲಿಲ್ಲ. ಸಂಶಯದವರ ಜಾಣತನವೇ ಅಲ್ಲಿದೆ.

“ನಾ ಏನೂ ಅನ್ನಂಗಿಲ್ಲವ್ವ,” ಎಂದಳು. “ನನ್ನ ಗಿಡ ನೋಡ್ರಿ, ಅಕಿ ಗಿಡ ನೋಡ್ರಿ. ಹೋಗೋ ಹಿಂದಿನ ದಿನ ಒಬ್ಬಕಿನೇ ಬೂದಿ ಚೆಲ್ಲಲತ್ತಿದ್ಲು, ಬಾಯಾಗ ಏನೋ ಅನಕೋತ. ನೀವೇ ಹೇಳ್ರಿ.”

ವಿಮಲಾಬಾಯಿ ಕೊಡ ಅಲ್ಲೇ ಬಿಟ್ಟು ಎದ್ದು ನಿಂತಳು. “ಭಾನಾಮತಿ!” ಎಂದಳು.

ಬೀದರ ಸೀಮೆಯಲ್ಲಿ ಆ ಮಾತಿಗೆ ಬಹಳ ತೂಕ. ಯಾರದೋ ಬಟ್ಟೆ ತಾನಾಗಿ ಹೊತ್ತಿಕೊಂಡರೆ, ಮನೆಯ ಮೇಲೆ ಕಲ್ಲು ಬಿದ್ದರೆ, ಹೆಂಗಸೊಬ್ಬಳು ನಾಯಿಯಂತೆ ಬೊಗಳಿದರೆ, ಇನ್ನೊಬ್ಬ ಹೆಂಗಸು ಮಾಟ ಮಾಡಿಸಿದ್ದಾಳೆ ಎಂದೇ ಅರ್ಥ. ಯಾರ ಹೆಸರಿಗೆ ಈ ಮಾತು ಅಂಟಿತೋ ಆಕೆಗೆ ಆ ಊರಲ್ಲಿ ನೀರಿಲ್ಲ, ಬೆಂಕಿಯಿಲ್ಲ. ಕೆಲವರಿಗೆ ಹಲ್ಲೂ ಉಳಿದಿಲ್ಲ, ಮಂತ್ರ ಹೇಳುವ ಬಾಯೆಂದು ಜನ ಹಲ್ಲು ಕಿತ್ತು ಕಳಿಸಿದ್ದಾರೆ. ಶೇವಂತಾಬಾಯಿಗೆ ಇದೆಲ್ಲ ಗೊತ್ತಿತ್ತು. ‘ಅಯ್ಯೋ ನಾ ಹಂಗ ಅಂದಿಲ್ಲ’ ಎಂದು ಅಲ್ಲೇ ಹೇಳಬಹುದಿತ್ತು, ಹೇಳಲಿಲ್ಲ. ಇಷ್ಟು ದಿನ ತಾನೊಬ್ಬಳೇ ಹೊತ್ತಿದ್ದ ಸಂಶಯವನ್ನು ಊರೆಲ್ಲ ಹೊತ್ತಾಗ ಆಕೆಗೆ ಹಗುರೆನಿಸಿತು. ಖುಷಿಯೂ ಆಯಿತು. ಇದನ್ನು ಮುಚ್ಚಿಟ್ಟು ಹೇಳಿದರೆ ಆಕೆಯ ಕಥೆ ಹೇಳಿದಂತಾಗುವುದಿಲ್ಲ.

ಆ ಚಳಿಗಾಲದಲ್ಲಿ ವಾಡಿಯಲ್ಲಿ ಏನು ಕೆಟ್ಟರೂ ಕೌಸಲ್ಯಾಳ ಹೆಸರಿಗೆ ಜಮೆಯಾಯಿತು. ಮೇವಿಲ್ಲದೆ ಕರು ಸತ್ತರೆ ಆಕೆ, ಕಿಡಿ ಹಾರಿ ಸೆರಗು ಸುಟ್ಟರೆ ಆಕೆ. ಕೆಲವರಂತೂ ಮಳೆ ತಪ್ಪಿದ್ದನ್ನೂ ಅವಳಿಗೇ ಹಚ್ಚಿದರು. ಹೈದರಾಬಾದಿಗೆ ಹೋಗಿಬರುವವರ ಬಾಯಿಂದ ಬಾಯಿಗೆ ಮಾತು ಅಲ್ಲಿಗೂ ಹೋಗಿ ಮುಟ್ಟಿತು. “ತಮ್ಮನ ಹೆಂಡತಿ, ಶೇವಂತಾ,” ಎಂದು ಕಾಶೀರಾಮ ಒಮ್ಮೆ ಅಂದ. “ಇದು ನೆಟ್ಟಗ ಆಗಂಗಿಲ್ಲ.” ಇವನ್ಯಾಕೆ ಅವಳ ಪರ ಮಾತಾಡುತ್ತಾನೆ ಎಂದು ಆಕೆ ಯೋಚಿಸತೊಡಗಿದಳು.

ವೈಶಾಖದಲ್ಲಿ ಗುಡ್ಡದ ತುಂಬ ಹೊಸ ಎಲೆ ಬಂತು. ಮೃಗ ಹತ್ತಿರ ಬರುತ್ತ ಒಂದೆರಡು ಅಡ್ಡಮಳೆ ಬಿದ್ದವು, ಶೇವಂತಾಬಾಯಿಯ ಗಿಡಗಳ ಎಳೆ ಎಲೆಯ ಮೇಲೇ ಮತ್ತೆ ಆ ಸಾಸಿವೆ ಚುಕ್ಕಿ ಕಾಣಿಸಿತು. ಆಚೆಯವು ತಿಕ್ಕಿ ತೊಳೆದಂತೆ ಹಸಿರು. ಈಗ ಆಕೆಯ ಸಹನೆ ಮುಗಿಯಿತು. ಮಾಟವನ್ನು ಮಾಡಿದವರಿಗೇ ತಿರುಗಿಸಬೇಕು, ಅದಕ್ಕಿರುವ ಮದ್ದು ಅದೊಂದೇ ಎಂದು ಎಲ್ಲರೂ ಹೇಳುತ್ತಿದ್ದರು. ತನ್ನ ಗಿಡಗಳ ಬುಡದಿಂದ ಕೊಳೆತ ಎಲೆ, ಕಪ್ಪು ಎಲೆ, ಹೊಸ ಚುಕ್ಕಿಯ ಎಲೆ ಎಲ್ಲವನ್ನೂ ಬುಟ್ಟಿ ತುಂಬ ತುಂಬಿ, ಹಳ್ಳ ದಾಟಿ, ಕೌಸಲ್ಯಾಳ ಪಾಲಿನ ಮೊದಲ ಗಿಡದ ಬುಡಕ್ಕೆ ಸುರಿದಳು. ಅಲ್ಲಿ ಕಟ್ಟಿದ್ದ ಹಸಿರು ಸೀರೆಯ ಅಂಚನ್ನು ನೋಡುತ್ತ, “ನಿನ್ನದು ನಿನಗೇ ಮುಟ್ಟಲಿ,” ಎಂದಳು. ಬೇರೆ ಗಿಡಗಳವರೆಗೂ ಹೋಗುವ ಮನಸ್ಸಿತ್ತು, ಧೈರ್ಯ ಬರಲಿಲ್ಲ. ತಿರುಗಿ ನೋಡದೆ ಮನೆಗೆ ಬಂದಳು.

ಆ ವರ್ಷ ಮಳೆ ತಪ್ಪಲಿಲ್ಲ. ಮೃಗ ಹಿಡಿದದ್ದು ಆರಿದ್ರಾ ತನಕ ಬಿಡಲಿಲ್ಲ. ಹಳ್ಳ ತುಂಬಿ ಹರಿಯಿತು, ಗುಳೆ ಹೋದವರು ಒಬ್ಬೊಬ್ಬರಾಗಿ ಬಂದು ಬಾಗಿಲ ಚಿಲಕ ತೆಗೆದರು. ನೀರು ಇಳಿದ ಮೇಲೆ ಶೇವಂತಾಬಾಯಿ ಹಳ್ಳ ದಾಟಿ ನೋಡಲು ಹೋದಳು. ಮಾಟ ತಿರುಗಿದ್ದರೆ ತನ್ನ ಗಿಡ ಚೊಕ್ಕವಾಗಿರಬೇಕು, ಆಚಿನವೆಲ್ಲ ಕೆಟ್ಟಿರಬೇಕು. ತನ್ನವು ಹಾಗೇ ಇದ್ದವು, ಚುಕ್ಕಿ ಹೊತ್ತು ಉದುರುತ್ತಿದ್ದವು. ಆಚಿನವೆಲ್ಲ ಚೊಕ್ಕವಾಗಿದ್ದವು. ಒಂದು ಗಿಡ ಬಿಟ್ಟು. ತಾನು ಬುಟ್ಟಿ ಸುರಿದ ಗಿಡ. ಅದರ ಕೆಳಗಿನ ಕೊಂಬೆಗಳ ತುಂಬ ಕಪ್ಪು ಚುಕ್ಕಿ, ಮೇಲಕ್ಕೆ ಹೋದಂತೆ ಕಡಿಮೆ, ತುದಿಯಲ್ಲಿ ಇಲ್ಲ. ರೋಗ ಬುಡದಿಂದ ಹತ್ತಿಕೊಂಡು ಹೋಗುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು.

ಆಕೆ ಅಲ್ಲೇ ಕುಸಿದು ಕೂತಳು. ಮೊದಲು ಬಂದದ್ದು ಹಳೆಯ ಚಾಳಿಯೇ, ಇದನ್ನು ಯಾರಾದರೂ ಬೇಕೆಂದೇ ಮಾಡಿದ್ದಾರೆಯೇ ಎಂದು. ಆದರೆ ಯಾರು ಮಾಡಿಯಾರು? ಸುರಿದವಳು ತಾನು. ಮಂತ್ರ ಹೇಳಿದವಳೂ ಅಲ್ಲ, ಮಾಟ ಬಲ್ಲವಳೂ ಅಲ್ಲ, ಬರೀ ಎಲೆ ಸುರಿದಳು, ಗಿಡ ಕೆಟ್ಟಿತು. ಹಾಗಾದರೆ ತನ್ನ ಗಿಡಗಳಿಗೂ ವರ್ಷ ವರ್ಷ ಸುರಿದವರು ಯಾರು? ತಲೆಯ ಮೇಲೆ ಹೊತ್ತು, ಗುಡ್ಡ ಹತ್ತಿ, ಕೈ ಮುಗಿದು ಸುರಿದವರು ಯಾರು? ಮಚ್ಛೇಂದ್ರ ಹೇಳಿದ ಒಂದೊಂದು ಮಾತೂ ಈಗ ನೆನಪಿಗೆ ಬಂತು. ಕೌಸಲ್ಯಾ ಬಾಗಿಲಲ್ಲಿ ನಿಂತು ಎಲೆ ನೀವೇ ಹರಿದುಕೊಳ್ಳಿ ಎಂದದ್ದು ನೆನಪಿಗೆ ಬಂತು. ಶೇವಂತಾಬಾಯಿಗೆ ತನ್ನ ಮೇಲೆ ಅಸಹ್ಯವಾಯಿತು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು, ಯಾರಾದರೂ ನೋಡಿಯಾರು ಎಂಬ ಚಿಂತೆಯೂ ಇಲ್ಲದೆ.

ಮರುದಿನವೇ ಕಸಬರಿಗೆ ಹಿಡಿದು ಗುಡ್ಡ ಹತ್ತಿ, ಎರಡೂ ಕಡೆಯ ಬುಡ ಗುಡಿಸಿ, ಒಣಗಿದ ಮೇಲೆ ಸುಟ್ಟಳು. ಬಾವಿಕಟ್ಟೆಗೆ ಹೋಗಿ ಎಲ್ಲರೆದುರು ಹೇಳಿದಳು.

“ಕೌಸಲ್ಯಾ ಏನೂ ಮಾಡಿಲ್ಲ್ರಿ. ಅದು ಎಲಿ ರೋಗ. ನಾನೇ ಕೆಟ್ಟ ಎಲಿ ಒಯ್ದು ಒಯ್ದು ಬುಡಕ್ಕ ಹಾಕಿ ಹಬ್ಬಿಸೀನಿ. ನನ್ನದೇ ತಪ್ಪು.”

ಜೀವಮಾನದಲ್ಲಿ ತಪ್ಪು ನನ್ನದು ಎನ್ನದ ಹೆಂಗಸು ಇವತ್ತು ಊರೆದುರು ನಿಂತು ಹೇಳುತ್ತಿದ್ದಾಳೆ, ಥೇಟ್ ಕೌಸಲ್ಯಾಳಂತೆ ಗಿಡದ ಬುಡ ಗುಡಿಸಿ ಬೂದಿ ಮಾಡಿ ಬಂದಿದ್ದಾಳೆ. ವಿಮಲಾಬಾಯಿ ಮೆಲ್ಲಗೆ ತನ್ನ ಕೊಡವನ್ನು ದೂರ ಸರಿಸಿದಳು.

“ನೋಡ್ರವ್ವ,” ಎಂದಳು ಪಕ್ಕದವರಿಗೆ. “ಕೌಸಲ್ಯಾ ಇಕಿಗಿ ಭೀ ಮಾಡ್ಯಾಳ. ಅಲ್ಲಿ ಕುಂತು ಇಕಿ ಬಾಯಿಲಿಂದ ಮಾತಾಡಸಲತ್ತಾಳ.”

ಶೇವಂತಾಬಾಯಿ ಆಣೆ ಹಾಕಿದಳು. ಆಣೆ ಹಾಕಿದಷ್ಟೂ ಜನ ಹಿಂದೆ ಸರಿದರು. ಮನೆಮನೆಗೆ ಹೋದಳು, ಎಲೆ ಹಿಡಿದು ತೋರಿಸಿದಳು. ಎಲೆಯನ್ನು ಯಾರೂ ಮುಟ್ಟಲಿಲ್ಲ. ಸಂಶಯ ಹೇಗೆ ಕೆಲಸ ಮಾಡುತ್ತದೆ ಎಂಬುದು ಆಕೆಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಇದು ಇನ್ನು ಇಳಿಯುವುದಿಲ್ಲ ಎಂಬುದೂ ಆಕೆಗೇ ಮೊದಲು ತಿಳಿಯಿತು.

ಶ್ರಾವಣದಲ್ಲಿ ಪಂಢರಿ ಒಬ್ಬನೇ ಬಂದ. ಮನೆಯ ಪಾತ್ರೆ, ಬೀಸುವ ಕಲ್ಲು, ಕೌದಿ ಎಲ್ಲವನ್ನೂ ಬಾಡಿಗೆ ಬಂಡಿಗೆ ಹೇರಿದ. ಅತ್ತಿಗೆಯ ಮುಖ ನೋಡಲಿಲ್ಲ. ಅಣ್ಣನಿಗೆ ಮಾತ್ರ ಹೇಳಿದ. ಗಂಡ ಹೆಂಡತಿ ಇಬ್ಬರೂ ಊರಿಗೆಂದೇ ಹೊರಟು ಬಂದಿದ್ದರಂತೆ. ಔರಾದದಲ್ಲಿ ಬಸ್ಸು ಇಳಿದಾಗ ಸಂತೆಗೆ ಬಂದಿದ್ದ ವಾಡಿಯ ಹೆಂಗಸರು ಎದುರಾದರು. ಕೌಸಲ್ಯಾ ನಗುತ್ತ ಹತ್ತಿರ ಹೋದರೆ ಅವರು ಕೂಸುಗಳ ಮೇಲೆ ಸೆರಗು ಮುಚ್ಚಿ ಓಡಿದರಂತೆ. ಆಕೆ ಅಲ್ಲೇ ತಿರುಗಿ ಬೀದರದ ಬಸ್ಸು ಹತ್ತಿದಳು. ಈಗ ಬೀದರದ ಮೈಲೂರಿನಲ್ಲಿ ಒಂದು ಕೋಣೆ ಹಿಡಿದಿದ್ದಾರೆ, ಪಂಢರಿಗೆ ಅಲ್ಲೇ ಗೌಂಡಿ ಕೆಲಸ ಸಿಕ್ಕಿದೆ. ಬಂಡಿ ಹೋದ ಮೇಲೆ ಕಾಶೀರಾಮ ತಮ್ಮನ ಖಾಲಿ ಮನೆಯ ಹೊಸ್ತಿಲ ಮೇಲೆ ಬಹಳ ಹೊತ್ತು ಕೂತಿದ್ದ. ಹೆಂಡತಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು ಎನಿಸಿತು ಆಕೆಗೆ.

ನಾಗರಪಂಚಮಿ ಕಳೆದ ಮೇಲೆ ಶೇವಂತಾಬಾಯಿ ಒಬ್ಬಳೇ ಬೀದರದ ಬಸ್ಸು ಹತ್ತಿದಳು. ಮೈಲೂರಿನಲ್ಲಿ ಕೇಳುತ್ತ ಕೇಳುತ್ತ ಹೋದರೆ, ಅರ್ಧ ಕಟ್ಟಿದ ಮನೆಯೊಂದರ ಹಿಂದೆ ತಗಡಿನ ಕೋಣೆ. ಕೌಸಲ್ಯಾ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಬಡಕಲಾಗಿದ್ದಳು. ನೆಗೆಣ್ಣಿಯನ್ನು ಕಂಡು ಎದ್ದು, “ಬರ್ರಿ ಅಕ್ಕಾ, ಕುಂದ್ರಿ,” ಎಂದು ಚಾಪೆ ಹಾಸಿದಳು. ಕಾಲಿಗೆ ನೀರು ಕೊಟ್ಟಳು.

ಶೇವಂತಾಬಾಯಿ ಒಂದನ್ನೂ ಮುಚ್ಚಿಡದೆ ಎಲ್ಲವನ್ನೂ ಹೇಳಿದಳು. ಬೂದಿ ಚೆಲ್ಲುವುದನ್ನು ನೋಡಿದ್ದು, ಬಾವಿಕಟ್ಟೆಯ ಮಾತು, ಬುಟ್ಟಿ ಸುರಿದದ್ದು, ಆ ಒಂದು ಗಿಡ. ಕೌಸಲ್ಯಾ ಜೋಳದಲ್ಲಿ ಕೈಯಾಡಿಸುತ್ತ ಕೇಳಿದಳು.

“ಆ ಗಿಡ ಈಗ ಹ್ಯಾಂಗ ಅದರಿ?” ಎಂದು ಕಡೆಗೆ ಕೇಳಿದಳು.

“ಬುಡ ಗುಡಿಸೀನಿ. ಹೊಸಾದು ಹತ್ತಿಲ್ಲ. ಮುಂದಿನ ವರ್ಷಕ್ಕ ಸುಧಾರಸ್ತದ.”

“ಛಲೋ ಆಯ್ತು ಬಿಡ್ರಿ.”

“ಮನಿಗಿ ಬಾ ಕೌಸಲ್ಯಾ. ನಾ ಮುಂದ ನಡೀತೇನಿ. ಯಾರು ಏನಂತಾರ ನೋಡ್ತೇನಿ. ನಾ ಖರೇನೇ ಹೇಳಲತ್ತೀನಿ, ನನಗ ನಿನ್ನ ಮ್ಯಾಲ ಒಂದು ಎಳ್ಳಿನಷ್ಟೂ ಶಕ್ ಉಳಿದಿಲ್ಲ.”

ಕೌಸಲ್ಯಾ ಜೋಳ ಬದಿಗೆ ಸರಿಸಿ ಎದ್ದಳು. “ಹಸದು ಬಂದೀರಿ, ಮೊದಲ ಊಟ ಮಾಡ್ರಿ,” ಎಂದು ಒಳಗೆ ಹೋಗಿ ತಾಟು ತಂದಿಟ್ಟಳು. ಬಿಸಿ ರೊಟ್ಟಿ, ಪುಂಡಿಪಲ್ಯ, ಮೂಲೆಯಲ್ಲಿ ಶೇಂಗಾ ಹಿಂಡಿ. ಬೆಳಿಗ್ಗೆಯಿಂದ ಏನೂ ತಿಂದಿರದ ಶೇವಂತಾಬಾಯಿ ಕೈ ತೊಳೆದು ರೊಟ್ಟಿ ಮುರಿದಳು. ಪಲ್ಯದ ಹತ್ತಿರ ಹೋದ ಕೈ ಅಲ್ಲೇ ನಿಂತಿತು. ಆಕೆ ನಿಲ್ಲಿಸಿದ್ದಲ್ಲ. ಮನಸ್ಸಿನಲ್ಲಿ ಏನೂ ಇರಲಿಲ್ಲ, ಆಣೆ ಹಾಕಿ ಹೇಳಬಲ್ಲಳು. ಕೈ ಮಾತ್ರ ಒಂದು ಕ್ಷಣ ನಿಂತು, ಕಣ್ಣು ಪಲ್ಯವನ್ನು ನೋಡಿತು.

ಕೌಸಲ್ಯಾ ಎದುರಿಗೇ ಕೂತಿದ್ದಳು, ನೋಡಿದಳು.

ಸಿಟ್ಟು ಮಾಡಲಿಲ್ಲ. ಕೈ ಚಾಚಿ, ನೆಗೆಣ್ಣಿಯ ತಾಟಿನಿಂದಲೇ ಒಂದು ಚೂರು ರೊಟ್ಟಿ ಮುರಿದು, ಪಲ್ಯದಲ್ಲಿ ಅದ್ದಿ, ಹಿಂಡಿ ಹಚ್ಚಿ ಬಾಯಿಗೆ ಹಾಕಿಕೊಂಡಳು. ಅಗಿದಳು, ನುಂಗಿದಳು. ಬಾಯಿ ತೆರೆದು ತೋರಿಸುವುದೊಂದು ಬಾಕಿ.

“ಈಗ ಉಣ್ರಿ ಅಕ್ಕಾ,” ಎಂದಳು.

ಶೇವಂತಾಬಾಯಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ತಲೆ ಬಗ್ಗಿಸಿ, ಕಣ್ಣೀರು ತಾಟಿಗೆ ಬೀಳುತ್ತಿದ್ದರೂ ಒರೆಸಿಕೊಳ್ಳದೆ, ಇಟ್ಟದ್ದೆಲ್ಲವನ್ನೂ ಉಂಡಳು. ಊಟ ಮುಗಿದ ಮೇಲೆ ಕೌಸಲ್ಯಾ ತಂಬಿಗೆ ತುಂಬ ನೀರು ತಂದಳು. ಕೊಡುವ ಮೊದಲು ತಾನೇ ತಂಬಿಗೆ ಎತ್ತಿ ಒಂದು ಗುಟುಕು ಕುಡಿದು, ಆಮೇಲೆ ನೆಗೆಣ್ಣಿಯ ಕೈಗೆ ಕೊಟ್ಟಳು.